ಯಾವ ಹೆಣ್ಣು ಜಿಂಕೆ, ಎಷ್ಟು, ಯಾವಾಗ? ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಮಿತಿಮೀರಿದಾಗ ಹೆಣ್ಣು ಜಿಂಕೆಗಳನ್ನೇ ಹೆಚ್ಚಾಗಿ ಹೊಡೆಯಲು ಪರವಾನಗಿ ಕೊಡುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಮನೆಯಲ್ಲಿ ಕೋವಿ ಇಟ್ಟು, ಕೈಲ್ ಪೊಳ್ದ್‌ ಹಬ್ಬದ ದಿನ ಅದಕ್ಕೆ ಹೂವು ಮುಡಿಸುವ ನಾಡು. ಮಕ್ಕಳು, ಅಳಿಯಂದಿರು ಅಮೆರಿಕದಲ್ಲಿರುವ ಮನೆಗಳೂ ಕಡಿಮೆಯಿಲ್ಲ. ಉತ್ತರ ಓದುವ ಮುನ್ನ ಒಂದು ಮಾತು: ಜಿಂಕೆಯನ್ನು ಆರಿಸಿ ಹೊಡೆಯುವ ವಿಚಾರವೆಲ್ಲ ಕಾನೂನು ಅದಕ್ಕೆ ಅವಕಾಶ ಕೊಟ್ಟ ದೇಶಗಳಿಗೆ ಮಾತ್ರ. ಕೊಡಗಿನ ಸ್ಥಿತಿ ಏನೆಂದು ಕುಟ್ಟದ ಓದುಗರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ಹಿಂದಿನವರು ಹೆಣ್ಣು ಪ್ರಾಣಿಗೆ ಗುಂಡು ಹಾಕಬಾರದು ಅನ್ನುತ್ತಿದ್ದರು. ವಿಸ್ಕಾನ್ಸಿನ್‌ನಲ್ಲಿರುವ ಮಗ, ಅಲ್ಲಿ ಸರ್ಕಾರವೇ ಹೆಣ್ಣನ್ನು ಹೊಡೆಯಿರಿ ಅನ್ನುತ್ತದೆ ಎನ್ನುತ್ತಾನೆ. ಯಾವುದು ಸರಿ? (ವಿರಾಜಪೇಟೆ)

ಹಿಂಡು ಬೆಳೆಯಬೇಕಿದ್ದರೆ ನಿಮ್ಮ ಹಿರಿಯರದು ಸರಿ, ಇಳಿಯಬೇಕಿದ್ದರೆ ಮಗ ಹೇಳಿದ್ದು ಸರಿ. ಅಲ್ಲಿನ ಬಿಳಿಬಾಲದ ಜಿಂಕೆಯಲ್ಲಿ ಒಂದು ಗಂಡು ಒಂದೇ ಬೆದೆಗಾಲದಲ್ಲಿ ಹಲವು ಹೆಣ್ಣುಗಳನ್ನು ಕೂಡುತ್ತದೆ. ಇರುವ ಗಂಡುಗಳಲ್ಲಿ ಅರ್ಧ ಹೋದರೂ ಮುಂದಿನ ಬೇಸಿಗೆಗೆ ಹುಟ್ಟುವ ಮರಿಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಎಷ್ಟೋ ಕಡೆ ಜಿಂಕೆ ಕಾಣಸಿಗದಷ್ಟು ಕಡಿಮೆಯಾಗಿದ್ದಾಗ ಹೆಣ್ಣನ್ನು ಹೊಡೆಯುವುದನ್ನು ನಿಷೇಧಿಸಿದ್ದರು. ಅದು ಫಲ ಕೊಟ್ಟಿತು, ಹಿಂಡು ತುಂಬಿತು. ಆದರೆ ತುಂಬಿದ ಮೇಲೂ ಬೇಟೆಗಾರರ ಮನಸ್ಸಿನಿಂದ ಆ ನಿಷೇಧ ಹೋಗಲಿಲ್ಲ. ವಿಸ್ಕಾನ್ಸಿನ್‌ನಲ್ಲಿ 1996ರಿಂದ ಕೆಲವು ವಲಯಗಳಲ್ಲಿ, ಮೊದಲು ಕೊಂಬಿಲ್ಲದ ಒಂದು ಜಿಂಕೆ ಹೊಡೆದು ತೋರಿಸಿದವರಿಗೇ ಕೊಂಬಿನ ಗಂಡು ಹೊಡೆಯಲು ಅನುಮತಿ ಎಂಬ ನಿಯಮ ತರಬೇಕಾಯಿತು. ಬೇಟೆಗಾರರಿಗೆ ಅದು ಹಿಡಿಸಲಿಲ್ಲ, 2011ರಲ್ಲಿ ತೆಗೆದುಹಾಕಿದರು. ಸಂಖ್ಯೆ ಇಳಿಸುವ ಮಟ್ಟಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡಿದ ನಿಯಮ ಇನ್ನೊಂದಿರಲಿಲ್ಲ.

‘ಯಾವುದು’ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ‘ಎಷ್ಟು’. ಒಂದು ಲೆಕ್ಕ ಹಾಕಿ ತೋರಿಸುತ್ತೇವೆ. ಅಂಕಿ ಉದಾಹರಣೆಗೆ ಮಾತ್ರ. ಬೇಟೆ ಋತುವಿಗೆ ಮುಂಚೆ ಒಂದು ಜಾಗದಲ್ಲಿ 40 ಬೆಳೆದ ಹೆಣ್ಣುಗಳಿವೆ, ಅವುಗಳ ಜೊತೆ 32 ಮರಿ. ಮರಿಗಳಲ್ಲಿ ಅರ್ಧ, ಅಂದರೆ 16 ಹೆಣ್ಣು. ಚಳಿಗಾಲ, ರೋಗ, ರಸ್ತೆ ಅಪಘಾತ ಕಳೆದು 13 ಉಳಿದವು ಎನ್ನಿ. ಬೆಳೆದ ಹೆಣ್ಣುಗಳಲ್ಲಿ 4 ತಾವಾಗಿಯೇ ಸಾಯುತ್ತವೆ. 13ರಲ್ಲಿ 4 ಕಳೆದರೆ 9. ವರ್ಷಕ್ಕೆ 9 ಹೆಣ್ಣು ತೆಗೆದರೆ ಹಿಂಡು ಇದ್ದಲ್ಲೇ ನಿಲ್ಲುತ್ತದೆ, 15 ತೆಗೆದರೆ ಇಳಿಯುತ್ತದೆ, 4 ತೆಗೆದರೆ ಬೇಟೆಯಾದರೂ ಏರುತ್ತಲೇ ಇರುತ್ತದೆ. ಅದೇ ಜಾಗದಲ್ಲಿ ಕಯೋಟಿಗಳು (ಅಲ್ಲಿನ ತೋಳದ ಜಾತಿಯ ಸಣ್ಣ ಪ್ರಾಣಿ) ಮರಿ ಹಿಡಿದು, 40 ತಾಯಂದಿರ ಹಿಂದೆ 20 ಮರಿ ಮಾತ್ರ ಉಳಿದಿದ್ದರೆ? ಹೆಣ್ಣು 10, ಬದುಕುವುದು 8, ಸಾಯುವ 4 ಕಳೆದರೆ ಉಳಿಯುವುದು ಬರೀ 4. ಪಕ್ಕದ ಊರಿನವರು 9 ಹೊಡೆದರೆಂದು ಇಲ್ಲಿಯೂ 9 ಹೊಡೆದರೆ ಮೂರ್ನಾಲ್ಕು ವರ್ಷದಲ್ಲಿ ಹಿಂಡು ಸುಮಾರು ಅರ್ಧಕ್ಕಿಳಿಯುತ್ತದೆ. ಪಾಲಿನ ಲೆಕ್ಕದಲ್ಲಿ ನೂರಕ್ಕೆ ಇಷ್ಟು ಎಂದು ಎಲ್ಲ ಕಡೆಗೂ ಒಂದೇ ಸೂತ್ರ ಹೇಳುವವರನ್ನು ನಂಬಬೇಡಿ. ತಾಯಿಗೆಷ್ಟು ಮರಿ ಉಳಿದಿದೆ ಎನ್ನುವುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿರುವ ಅಳಿಯನಿಗೆ ಕೊಂಬಿಲ್ಲದ ಜಿಂಕೆಯ ಲೈಸೆನ್ಸ್ ಸಿಕ್ಕಿದೆ. ಸ್ನೇಹಿತರ ಜಮೀನಿನಲ್ಲಿ ನವೆಂಬರ್‌ನಲ್ಲಿ ಹೋಗುತ್ತಾನಂತೆ. ಐದಾರು ಜಿಂಕೆ ಒಟ್ಟಿಗೆ ನಿಂತಾಗ ಯಾವುದನ್ನು ಆರಿಸುವುದು? ಎಲ್ಲ ಒಂದೇ ಥರ ಕಾಣುತ್ತವೆ ಅನ್ನುತ್ತಾನೆ. (ಮಡಿಕೇರಿ)

ಲೈಸೆನ್ಸಿನ ಹೆಸರನ್ನೇ ಸರಿಯಾಗಿ ಗಮನಿಸಲು ಹೇಳಿ. ಅದು ‘ಕೊಂಬಿಲ್ಲದ ಜಿಂಕೆ’ಗೆ ಕೊಟ್ಟದ್ದು, ‘ಹೆಣ್ಣು ಜಿಂಕೆ’ಗಲ್ಲ. ಆ ವರ್ಷ ಹುಟ್ಟಿದ ಗಂಡು ಮರಿಗೂ ಕೊಂಬು ಇರುವುದಿಲ್ಲ. ಡಿಸೆಂಬರ್ ನಂತರವಾದರೆ ಕೊಂಬು ಉದುರಿದ ದೊಡ್ಡ ಗಂಡುಗಳೂ ಹೆಣ್ಣಿನಂತೆಯೇ ಕಾಣುತ್ತವೆ. ಹೊಡೆದದ್ದು ಕಾನೂನಿಗೆ ಸರಿಯಾಗಿಯೇ ಇರುತ್ತದೆ, ಆದರೆ ಹೆಣ್ಣು ಕಡಿಮೆ ಮಾಡಬೇಕೆಂಬ ಲೆಕ್ಕ ಅಷ್ಟರಮಟ್ಟಿಗೆ ತಪ್ಪುತ್ತದೆ.

ಹೆಚ್ಚು ಜನ ಎಡವುವುದು ಗಂಡು ಮರಿಯ ವಿಷಯದಲ್ಲಿ. ಮೇ ಕೊನೆ, ಜೂನ್‌ನಲ್ಲಿ ಹುಟ್ಟಿದ ಮರಿ ನವೆಂಬರ್‌ಗೆ ಐದೂವರೆ ತಿಂಗಳದು, ಮೈ ತುಂಬಿಕೊಂಡು ಒಂಟಿಯಾಗಿ ನಿಂತರೆ ದೊಡ್ಡದೇ ಎನಿಸುತ್ತದೆ. ಗಂಡು ಮರಿಗಳಿಗೆ ಹೆದರಿಕೆ ಕಡಿಮೆ. ಸಂಜೆ ಹೊತ್ತು ತಾಯಿ ಇನ್ನೂ ಮರದ ಮರೆಯಲ್ಲಿ ನಿಂತು ಗಾಳಿ ಮೂಸುತ್ತಿರುವಾಗಲೇ ಮರಿ ಹುಲ್ಲಿಗೆ ಇಳಿದಿರುತ್ತದೆ. ಆದ್ದರಿಂದ ಒಂಟಿಯಾಗಿ ಮೊದಲು ಹೊರಗೆ ಬಂದ ಕೊಂಬಿಲ್ಲದ ಜಿಂಕೆಗೆ ಕೋವಿ ಎತ್ತಬಾರದು. ಹತ್ತು ನಿಮಿಷ ಕಾಯಬೇಕು. ಉಳಿದವು ಬಂದು ಅಕ್ಕಪಕ್ಕ ನಿಂತಾಗ ಗಾತ್ರ ತಾನಾಗಿ ತಿಳಿಯುತ್ತದೆ. ಒಂದೇ ಗಾತ್ರದ ಎರಡು ಚಿಕ್ಕವು ಒಟ್ಟಿಗಿದ್ದರೆ ಬಹುಶಃ ಅವಳಿ ಮರಿಗಳು, ತಾಯಿ ಹಿಂದೆ ಇದ್ದಾಳೆ. ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಅಳತೆ ಕಂಡರೆ ನಡುವಿನದು ಸಾಮಾನ್ಯವಾಗಿ ಹಿಂದಿನ ವರ್ಷದ ಮಗಳು.

ಆಮೇಲೆ ಬೈನಾಕ್ಯುಲರ್‌ನಲ್ಲಿ ಮುಖ ನೋಡಲಿ. ಬೆಳೆದ ಹೆಣ್ಣಿನಲ್ಲಿ ಕಣ್ಣಿನಿಂದ ಮೂಗಿನ ತುದಿಯವರೆಗೆ ಮೂತಿ ಉದ್ದ. ಮರಿಯ ಮೂತಿ ಮೊಂಡು, ಕಿವಿ ಮಾತ್ರ ತಲೆಗೆ ಮೀರಿ ದೊಡ್ಡದು. ಪಕ್ಕದಿಂದ ನೋಡಿದರೆ ಮರಿಯ ಮೈ ಚೌಕ, ಬೆಳೆದದ್ದರ ಮೈ ಉದ್ದವಾದ ಆಯತ, ಕತ್ತೂ ಉದ್ದ. ಒಂದೂವರೆ ವರ್ಷದ ಹೆಣ್ಣು ಕಾಲುದ್ದ, ಹೊಟ್ಟೆ ಒಳಗೆ ಎಳೆದುಕೊಂಡಂತೆ; ಐದಾರು ವರ್ಷ ದಾಟಿದ್ದು ಹೊಟ್ಟೆ ಜೋತು, ಬೆನ್ನು ಸ್ವಲ್ಪ ಬಾಗಿ ಭಾರವಾಗಿ ಕಾಣುತ್ತದೆ. ಎರಡು ಕಿವಿಗಳ ನಡುವಿನ ನೆತ್ತಿಯನ್ನು ಕೊನೆಗೆ ನೋಡಬೇಕು. ಹೆಣ್ಣಿನದು ಗುಂಡಗೆ, ಗಂಡು ಮರಿಯದು ಮೇಲೆ ಚಪ್ಪಟೆ. ಬೆಳಕು ಚೆನ್ನಾಗಿದ್ದರೆ ಕೂದಲಿನಡಿ ಎರಡು ಗುಬುಟು ಕಾಣುತ್ತವೆ. ಕೊಂಬು ಉದುರಿದ ಗಂಡಾದರೆ ಅದೇ ಜಾಗದಲ್ಲಿ ಎರಡು ಬೋಳು ಗುರುತು.

ಇಷ್ಟನ್ನೂ ಬೆಳಕಿರುವಾಗ ನೋಡಿ ಮುಗಿಸಬೇಕು. ತಪ್ಪಾಗುವುದು ಹೆಚ್ಚಾಗಿ ಕತ್ತಲು ಕವಿಯುವ ಕೊನೆಯ ಹತ್ತು ನಿಮಿಷದಲ್ಲಿ. ಆಗ ಜಿಂಕೆ ಬರೀ ನೆರಳು. ಬಣ್ಣವೂ ಇಲ್ಲ, ನೆತ್ತಿಯೂ ಇಲ್ಲ. ಅನುಮಾನವಿದ್ದರೆ ಬಿಟ್ಟುಬಿಡಲಿ.

ಇನ್ನು ಸಮಯ. ನಮ್ಮ ಅಭಿಪ್ರಾಯ ಕೇಳಿದರೆ ಋತು ಶುರುವಾಗುತ್ತಿದ್ದಂತೆ ಹೆಣ್ಣಿನ ಲೆಕ್ಕ ಮುಗಿಸಿಬಿಡುವುದೇ ಲೇಸು. ಮರಿ ಇನ್ನೂ ಚಿಕ್ಕದು, ತಾಯಿಯ ಪಕ್ಕದಲ್ಲಿ ಗುರುತು ಸಿಗುತ್ತದೆ. ಹೋಗಬೇಕಾದ ಜಿಂಕೆ ಬೇಗ ಹೋದರೆ ಅದು ತಿನ್ನಬೇಕಿದ್ದ ಮೇವು ಉಳಿದವಕ್ಕೆ ಚಳಿಗಾಲಕ್ಕೆ ಆಗುತ್ತದೆ. ಜನವರಿಗೆ ತಳ್ಳಿದರೆ ಹೊಟ್ಟೆ ಸೀಳಿದಾಗ ಪಿಂಡ ಕಣ್ಣಿಗೆ ಬೀಳುತ್ತದೆ, ಎಷ್ಟೋ ಜನ ಆ ಒಂದು ಕಾರಣಕ್ಕೇ ಹೆಣ್ಣು ಹೊಡೆಯುವುದನ್ನು ಬಿಟ್ಟಿದ್ದಾರೆ.

ಪ್ರಶ್ನೆ: ದನದಲ್ಲಿ ಗೊಡ್ಡು ಬಿದ್ದದ್ದನ್ನು ಮೊದಲು ಮಾರುತ್ತೇವೆ. ಜಿಂಕೆಯಲ್ಲೂ ಮರಿ ಇಲ್ಲದ ಮುದಿ ಹೆಣ್ಣನ್ನು ತೆಗೆದರೆ ಸಾಲದೆ? ಗುಂಪಿನ ಹಿರಿಯಳನ್ನು ಹೊಡೆದರೆ ಉಳಿದವು ದಿಕ್ಕು ತಪ್ಪುತ್ತವೆ ಎಂಬ ಮಾತೂ ಕೇಳಿದ್ದೇನೆ. (ಗೋಣಿಕೊಪ್ಪ)

ಗೊಡ್ಡು ಜಿಂಕೆ ಎಂಬುದು ಬಹುಪಾಲು ಕಲ್ಪನೆ. ಬಿಳಿಬಾಲದ ಹೆಣ್ಣು ಹತ್ತು ವರ್ಷ ದಾಟಿದ ಮೇಲೂ ಈಯುತ್ತದೆ. ಬೇಟೆ ನಡೆಯುವ ಕಡೆ ಅಷ್ಟು ವಯಸ್ಸಿಗೆ ಬದುಕಿರುವುದೇ ಅಪರೂಪ. ಅಕ್ಟೋಬರ್‌ನಲ್ಲಿ ಮರಿಯಿಲ್ಲದೆ ಕಾಣುವ ಹೆಣ್ಣು ಮುದಿಯಾದ್ದರಿಂದ ಗೊಡ್ಡಾದದ್ದಲ್ಲ. ಒಂದೋ ಮರಿ ಹುಟ್ಟಿ ಕಯೋಟಿಯ, ಕರಡಿಯ ಬಾಯಿಗೆ ಹೋಗಿದೆ, ಇಲ್ಲವೇ ಅದು ಒಂದೂವರೆ ವರ್ಷದ, ಇನ್ನೂ ಈಯದ ಹೆಣ್ಣು. ಮೊದಲ ಸಲ ಈಯುವಾಗ ಸಾಮಾನ್ಯವಾಗಿ ಒಂದು ಮರಿ, ಎರಡೂವರೆ ದಾಟಿದ ಮೇಲೆ ಎರಡು ಮಾಮೂಲು. ಮೇವು ಚೆನ್ನಾಗಿರುವ ಕೃಷಿ ಸೀಮೆಯಲ್ಲಿ ಆರೇಳು ತಿಂಗಳ ಹೆಣ್ಣು ಮರಿಗಳೂ ಗಬ್ಬ ಕಟ್ಟುವುದುಂಟು.

ಆದ್ದರಿಂದ ಆಯ್ಕೆ ಗುರಿಗೆ ತಕ್ಕಂತೆ. ಸಂಖ್ಯೆ ಇಳಿಸಲೇಬೇಕಿದ್ದರೆ ಎರಡೂವರೆ ದಾಟಿದ ಬೆಳೆದ ಹೆಣ್ಣುಗಳನ್ನೇ ತೆಗೆಯಬೇಕು. ಎರಡೆರಡು ಹೆತ್ತು ಉಳಿಸಿಕೊಳ್ಳುವವು ಅವೇ. ಇದ್ದಲ್ಲಿ ನಿಲ್ಲಿಸಿದರೆ ಸಾಕಿದ್ದರೆ ಒಂದೂವರೆ ವರ್ಷದವು ಸಾಕು, ಪಳಗಿದ ತಾಯಂದಿರು ಉಳಿಯುತ್ತವೆ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. 15 ತೆಗೆಯಬೇಕಿರುವ ಕಡೆ ‘ಸರಿಯಾದದ್ದೇ ಬರಲಿ’ ಎಂದು ಕಾದು ಕಾದು 6ಕ್ಕೆ ಋತು ಮುಗಿಸುವವರು ಬಹಳ. ಅದಕ್ಕಿಂತ ಸಿಕ್ಕಿದ 15 ಹೆಣ್ಣು ವಾಸಿ.

ಹಿರಿಯಳ ವಿಷಯ: ಬಿಳಿಬಾಲದ ಜಿಂಕೆಯಲ್ಲಿ ಗುಂಪು ಅಂದರೆ ತಾಯಿ, ಮಗಳು, ಮೊಮ್ಮಗಳು. ಗಂಡುಗಳು ವರ್ಷ, ಒಂದೂವರೆ ವರ್ಷಕ್ಕೆ ಬೇರೆ ಸೀಮೆಗೆ ಹೊರಟುಹೋಗುತ್ತವೆ, ಹೆಣ್ಣುಗಳು ತಾಯಿಯ ಜಾಗದ ಸುತ್ತಮುತ್ತಲೇ ಉಳಿಯುತ್ತವೆ. ಹಿರಿಯಳು ಹೋದರೆ ಮಗಳು ಆ ಜಾಗಕ್ಕೆ ನಿಲ್ಲುತ್ತಾಳೆ, ದಿಕ್ಕೇನೂ ತಪ್ಪುವುದಿಲ್ಲ. ಶರತ್ಕಾಲದ ಹೊತ್ತಿಗೆ ಮರಿಗಳು ಹಾಲು ಬಿಟ್ಟು ಮೆಲುಕು ಹಾಕುತ್ತಿರುತ್ತವೆ, ತಾಯಿ ಇಲ್ಲದೆಯೂ ಬದುಕುತ್ತವೆ. ತಾಯಿ ಸತ್ತ ಗಂಡು ಮರಿಗಳು ಬೇರೆ ಕಡೆ ಹೋಗದೆ ಹುಟ್ಟಿದಲ್ಲೇ ನಿಲ್ಲುವುದು ಹೆಚ್ಚು ಎಂದೂ ಅಧ್ಯಯನಗಳಲ್ಲಿ ಕಂಡಿದೆ, ಏಕೆಂದರೆ ಅವುಗಳನ್ನು ಅಟ್ಟುತ್ತಿದ್ದದ್ದೇ ತಾಯಿ. ಆದರೆ ಬಿಲ್ಲಿನ ಬೇಟೆ ಶುರುವಾಗುವ ಸೆಪ್ಟೆಂಬರ್‌ನಲ್ಲಿ ಮೈಮೇಲೆ ಚುಕ್ಕೆ ಮಾಸದ ಮರಿ ಜೊತೆಗಿದ್ದರೆ ಆ ತಾಯಿಯನ್ನು ಬಿಡಬೇಕು. ಆ ಮರಿ ತಡವಾಗಿ ಹುಟ್ಟಿದ್ದು.

ಇದೇ ಓದುಗರು ಪತ್ರದ ಕೊನೆಗೆ ‘ಸಣಕಲು ಹೆಣ್ಣು ತೆಗೆದರೆ ತಳಿ ಸುಧಾರಿಸುವುದೇ’ ಎಂದೂ ಕೇಳಿದ್ದಾರೆ. ಇಲ್ಲ. ಬಯಲಿನ ಹಿಂಡಿನಲ್ಲಿ ಸಣಕಲಾಗುವುದಕ್ಕೆ ಮೇವು ಮತ್ತು ತಡವಾದ ಹುಟ್ಟು ಕಾರಣ. ಹೆಣ್ಣಿನ ಮೈಯಲ್ಲಿ ಕೊಂಬಿನ ಗುಣ ಕಣ್ಣಿಗೆ ಕಾಣುವುದೂ ಇಲ್ಲ.

ಪ್ರಶ್ನೆ: ನಾನು ಅರಣ್ಯ ಶಾಸ್ತ್ರದ ವಿದ್ಯಾರ್ಥಿನಿ. ಹೊಡೆದ ಜಿಂಕೆಗಳಿಂದ ಯಾವ ಮಾಹಿತಿ ದಾಖಲಿಸುತ್ತಾರೆ? ಮುಂದಿನ ವರ್ಷದ ಸಂಖ್ಯೆಯನ್ನು ಅದರಿಂದ ಹೇಗೆ ನಿರ್ಧರಿಸುತ್ತಾರೆ? (ಪೊನ್ನಂಪೇಟೆ)

ನಾಲ್ಕು ಸಂಗತಿ ಸಾಕು: ದಿನಾಂಕ, ಕರುಳು ತೆಗೆದ ಮೇಲಿನ ತೂಕ, ಕೆಚ್ಚಲಲ್ಲಿ ಹಾಲು ಇದೆಯೇ, ಕೆಳದವಡೆ. ದನದ ಸಂತೆಯಲ್ಲಿ ಬಾಯಿ ತೆರೆಸಿ ಹಲ್ಲು ನೋಡುತ್ತಾರಲ್ಲ, ದವಡೆಯದು ಅದೇ ಲೆಕ್ಕ. ನೋಡುವುದು ಮುಂದಿನ ಹಲ್ಲಲ್ಲ, ದವಡೆ ಹಲ್ಲು. ಒಂದು ಬದಿಯಲ್ಲಿ ಆರಕ್ಕಿಂತ ಕಡಿಮೆ ದವಡೆ ಹಲ್ಲಿದ್ದರೆ ಅದು ಆ ವರ್ಷದ ಮರಿ. ಆರೂ ಇದ್ದು, ಮುಂದಿನಿಂದ ಮೂರನೆಯ ಹಲ್ಲಿಗೆ ಮೂರು ಉಬ್ಬು ಇದ್ದರೆ ಅದು ಹಾಲುಹಲ್ಲು; ಸವೆದು ಅಲುಗಾಡುತ್ತಿರುತ್ತದೆ, ಪ್ರಾಣಿಗೆ ಸುಮಾರು ಒಂದೂವರೆ ವರ್ಷ. ಅದು ಬಿದ್ದು ಎರಡು ಉಬ್ಬಿನ ಹೊಸ ಹಲ್ಲು ಬಂದಿದ್ದರೆ ಎರಡೂವರೆ ಅಥವಾ ಅದಕ್ಕೂ ಹೆಚ್ಚು. ಅಲ್ಲಿಂದ ಮುಂದೆ ಸವೆತ ನೋಡಿ ವರ್ಷ ಹೇಳುವುದುಂಟು, ಮರಳು ನೆಲದಲ್ಲಿ ಮೇಯುವವುಗಳಿಗೆ ಹಲ್ಲು ಬೇಗ ಸವೆಯುವುದರಿಂದ ಆ ಅಂದಾಜು ಆಗಾಗ ತಪ್ಪುತ್ತದೆ. ಖಚಿತ ಬೇಕಿದ್ದರೆ ಮುಂದಿನ ಹಲ್ಲಿನ ಬೇರನ್ನು ಪ್ರಯೋಗಾಲಯದಲ್ಲಿ ಸೀಳಿ, ಮರದ ಉಂಗುರದಂಥ ಪದರಗಳನ್ನು ಎಣಿಸಬೇಕು. ನಿರ್ವಹಣೆಗೆ ಮರಿ, ಒಂದೂವರೆ, ಎರಡೂವರೆ ದಾಟಿದ್ದು ಎಂಬ ಮೂರು ಗುಂಪು ಧಾರಾಳ ಸಾಕು.

ಕೆಚ್ಚಲನ್ನು ಹೊಡೆದ ದಿನವೇ ಹಿಂಡಿ ನೋಡಬೇಕು. ಎರಡೂವರೆ ದಾಟಿದ ಹೆಣ್ಣುಗಳಲ್ಲಿ ಅಕ್ಟೋಬರ್ ಹೊತ್ತಿಗೆ ಎಷ್ಟಕ್ಕೆ ಹಾಲಿತ್ತು ಎನ್ನುವುದು ಮರಿ ಉಳಿದ ಪ್ರಮಾಣದ ಸೂಚನೆ. ಅದು ವರ್ಷದಿಂದ ವರ್ಷಕ್ಕೆ ಬೀಳುತ್ತಿದ್ದರೆ ಮುಂದಿನ ಋತುವಿಗೆ ಹೆಣ್ಣಿನ ಸಂಖ್ಯೆ ಕಡಿತ ಮಾಡಬೇಕು. ಒಂದೂವರೆ ವರ್ಷದವುಗಳನ್ನು ಈ ಲೆಕ್ಕಕ್ಕೆ ಸೇರಿಸಿದರೆ ಪ್ರಮಾಣ ಸುಳ್ಳೇ ಕೆಳಗೆ ಬೀಳುತ್ತದೆ. ಹೊಸಬರು ಮಾಡುವ ತಪ್ಪು ಇದೇ. ತೂಕದಲ್ಲಿ ಮರಿಗಳ ತೂಕವೇ ಮುಖ್ಯ. ಮೇವು ಕಡಿಮೆಯಾದರೆ ಮೊದಲು ಬಡವಾಗುವುದು ಅವು, ದೊಡ್ಡವಲ್ಲ. ಇದರ ಜೊತೆ ಕಾಡಿನಲ್ಲಿ ಒಮ್ಮೆ ಅಡ್ಡಾಡಿ ಬರಬೇಕು. ನಾಲ್ಕೈದು ಅಡಿ ಎತ್ತರದವರೆಗೆ ಗಿಡದ ಎಲೆಯೆಲ್ಲ ಬೋಳಾಗಿ, ಅದರ ಮೇಲೆ ಗೆರೆ ಎಳೆದಂತೆ ಹಸಿರು ಶುರುವಾಗಿದ್ದರೆ ಯಾವ ಅಂಕಿಅಂಶವೂ ಬೇಡ, ಜಿಂಕೆ ಹೆಚ್ಚಾಗಿದೆ.

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನಮ್ಮ ಸಂಬಂಧಿಕರು ಜಮೀನು ಕೊಂಡಿದ್ದಾರೆ. ಅಲ್ಲಿ ನಮ್ಮ ನಾಗರಹೊಳೆಯ ಚುಕ್ಕೆ ಜಿಂಕೆಗಳೇ ಓಡಾಡುತ್ತವಂತೆ! ನಿಜವೇ? ಅವಕ್ಕೂ ಇದೇ ನಿಯಮವೇ? (ಸೋಮವಾರಪೇಟೆ)

ನಿಜ. ಚುಕ್ಕೆ ಜಿಂಕೆಯನ್ನು ಹವಾಯಿಯ ಮೊಲೊಕಾಯ್ ದ್ವೀಪಕ್ಕೆ 1860ರ ದಶಕದಲ್ಲಿ, ರಾಜ ಐದನೇ ಕಮೆಹಮೆಹಾನಿಗೆ ಬಂದ ಕಾಣಿಕೆಯಾಗಿ ಬಿಟ್ಟರು. ಟೆಕ್ಸಾಸ್‌ಗೆ 1932ರಲ್ಲಿ ಬಂತು. ಹುಲಿ, ಸೀಳುನಾಯಿ ಇಲ್ಲದ ಜಾಗ, ಹುಲ್ಲು ಹೇರಳ. ಹುಲ್ಲು ಮುಗಿದರೆ ಎಲೆಗೂ ಬಾಯಿ ಹಾಕುತ್ತದೆ, ಎಲೆಯನ್ನೇ ನಂಬಿದ ಅಲ್ಲಿನ ಬಿಳಿಬಾಲದ ಜಿಂಕೆಗೆ ಆಗ ಹೊಟ್ಟೆಗಿಲ್ಲ. ಟೆಕ್ಸಾಸ್ ಕಾನೂನು ಇದನ್ನು ಹೊರಗಿನ ಪ್ರಾಣಿ ಎಂದೇ ಪರಿಗಣಿಸುವುದರಿಂದ ಋತುವಿನ ನಿರ್ಬಂಧವಿಲ್ಲ, ಸಂಖ್ಯೆಯ ಮಿತಿಯೂ ಇಲ್ಲ; ಬೇಟೆ ಲೈಸೆನ್ಸ್ ಮಾತ್ರ ಬೇಕು. ಎಷ್ಟು ತೆಗೆಯಬೇಕೆಂದು ಸರ್ಕಾರ ಹೇಳುವುದಿಲ್ಲ, ಎಣಿಕೆ ಜಮೀನಿನವರದೇ.

ಬಿಳಿಬಾಲದ ನಿಯಮ ಇಲ್ಲಿ ಹಾಗೇ ನಡೆಯದು. ಚುಕ್ಕೆ ಜಿಂಕೆಗೆ ಒಂದೇ ಬೆದೆಗಾಲವಿಲ್ಲ, ವರ್ಷವಿಡೀ ಈಯುತ್ತದೆ. ಗಬ್ಬ ಏಳೂವರೆ ತಿಂಗಳಿನಷ್ಟು, ಸಾಮಾನ್ಯವಾಗಿ ಒಂದೇ ಮರಿ. ‘ಅಕ್ಟೋಬರ್‌ಗೆ ಮರಿ ಹಾಲು ಬಿಟ್ಟಿರುತ್ತದೆ’ ಎಂಬ ಧೈರ್ಯ ಇಲ್ಲಿ ಯಾವ ತಿಂಗಳಲ್ಲೂ ಇಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮರಿ ಹುಲ್ಲಿನ ಮರೆಯಲ್ಲಿ ಮಲಗಿರುತ್ತದೆ, ತಾಯಿ ದೂರದಲ್ಲಿ ಮೇಯುತ್ತಿರುತ್ತದೆ. ಪಕ್ಕದಲ್ಲಿ ಮರಿ ಇಲ್ಲ ಎಂದು ಹೊಡೆದರೆ ಹುಲ್ಲಿನೊಳಗಿನ ಮರಿ ಹಸಿವಿನಿಂದ ಸಾಯುತ್ತದೆ. ಆದ್ದರಿಂದ ಹಿಂದಿನಿಂದ ನೋಡಬೇಕು. ಹಿಂಗಾಲುಗಳ ನಡುವೆ ಕೆಚ್ಚಲು ತುಂಬಿ ಇಳಿದಿದ್ದು ಮರಿ ಕಾಣದಿದ್ದರೆ ಆ ಹೆಣ್ಣನ್ನು ಬಿಡಿ. ಅರ್ಧಕ್ಕಿಂತ ದೊಡ್ಡ ಮರಿಯನ್ನು ಜೊತೆಗಿಟ್ಟುಕೊಂಡದ್ದು, ಅಥವಾ ಕೆಚ್ಚಲು ಬತ್ತಿ ಮೈಗೆ ಅಂಟಿದ್ದು, ಇವೇ ಸರಿಯಾದ ಆಯ್ಕೆ.

ಗಂಡಿನ ಗೊಂದಲವೂ ಬೇರೆ ಬಗೆಯದು. ಒಂದೊಂದು ಗಂಡಿನ ಕೊಂಬಿಗೂ ಒಂದೊಂದು ಕಾಲ. ಒಂದೇ ಹಿಂಡಿನಲ್ಲಿ ಗಟ್ಟಿ ಕೊಂಬಿನದು, ಮಖಮಲ್ಲಿನ ಸಿಪ್ಪೆ ಹೊದ್ದದ್ದು, ಈಗಷ್ಟೇ ಉದುರಿಸಿದ್ದು ಮೂರೂ ಇರುತ್ತವೆ. ಕೊಂಬಿಲ್ಲದಿದ್ದರೂ ಕತ್ತು ದಪ್ಪ, ಮೈಬಣ್ಣ ಕಡು, ಮುಖದ ಮೇಲೆ ಕಪ್ಪು ಪಟ್ಟೆ ಎದ್ದು ಕಾಣುತ್ತಿದ್ದರೆ ಅದು ಗಂಡು. ಹಿರಿಯಳ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಚುಕ್ಕೆ ಜಿಂಕೆಯ ಗುಂಪು ಸಡಿಲ, ಬೆಳಿಗ್ಗೆ ಇದ್ದವರು ಸಂಜೆಗೆ ಬೇರೆ ಗುಂಪಿನಲ್ಲಿ.

ಎಣಿಕೆಗೆ ಸುಲಭ ದಾರಿ ಕ್ಯಾಮೆರಾ. ಸುಮಾರು 100 ಎಕರೆಗೆ ಒಂದರಂತೆ, ಮೇವು ಸುರಿದ ಜಾಗದಲ್ಲಿ ಕಟ್ಟಿ ಎರಡು ವಾರ ಬಿಡಬೇಕು. ಗಂಡುಗಳನ್ನು ಕೊಂಬಿನಿಂದ ಒಂದೊಂದಾಗಿ ಗುರುತಿಸಬಹುದು. ಗಂಡುಗಳು ಒಟ್ಟು 240 ಸಲ ಫೋಟೊದಲ್ಲಿ ಬಂದಿವೆ, ಅವು 12 ಬೇರೆ ಬೇರೆ ಪ್ರಾಣಿಗಳು ಎನ್ನಿ. 12ನ್ನು 240ರಿಂದ ಭಾಗಿಸಿದರೆ 0.05. ಹೆಣ್ಣುಗಳು 500 ಸಲ ಬಂದಿದ್ದರೆ ಅದನ್ನು 0.05ರಿಂದ ಗುಣಿಸಿ: 25 ಹೆಣ್ಣು. ಮರಿಗಳು 300 ಸಲವಾದರೆ 15. ತೀರಾ ಎಳೆಯ ಮರಿಗಳು ಮೇವಿನ ಜಾಗಕ್ಕೆ ಬರುವುದೇ ಇಲ್ಲವಾದ್ದರಿಂದ ಮರಿಯ ಅಂಕಿ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಆಮೇಲೆ ವಿರಾಜಪೇಟೆಯವರಿಗೆ ಕೊಟ್ಟ ಲೆಕ್ಕ ಹಾಕಿದರಾಯಿತು.

ಪ್ರಶ್ನೆ: ನಮ್ಮ ಗದ್ದೆ ಕಾಡಂಚಿನಲ್ಲಿದೆ. ಜಿಂಕೆ, ಕಡವೆ ಬಂದು ಸಸಿಮಡಿ ತಿಂದು ಹೋಗುತ್ತವೆ. ಕೊಡವರಿಗೆ ಕೋವಿ ವಿನಾಯಿತಿ ಇದೆ. ನಾಲ್ಕು ಹೆಣ್ಣು ತೆಗೆದರೆ ಹಾವಳಿ ತಗ್ಗುವುದಿಲ್ಲವೇ? (ಕುಟ್ಟ)

ತೆಗೆಯುವಂತಿಲ್ಲ. ವಿನಾಯಿತಿ ಇರುವುದು ಕೋವಿಗೆ ಲೈಸೆನ್ಸ್ ಪಡೆಯುವುದರಿಂದ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. ಬೇಟೆಗೂ ಅದಕ್ಕೂ ಸಂಬಂಧವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಗುರಿ ತಪ್ಪಿದರೂ ಪ್ರಯತ್ನವೇ ಅಪರಾಧ, ಮಾಂಸ ಇಟ್ಟುಕೊಂಡರೂ ಅಪರಾಧ. 11ನೇ ಕಲಮಿನಡಿ ವಿಶೇಷ ಸಂದರ್ಭದಲ್ಲಿ ಲಿಖಿತ ಆದೇಶ ಕೊಡುವ ಅಧಿಕಾರ ಇರುವುದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ. 62ನೇ ಕಲಮಿನಡಿ ಉಪದ್ರವಕಾರಿ ಎಂದು ಘೋಷಿಸುವುದು ಕೇಂದ್ರದ ಕೆಲಸ. 2015-16ರಲ್ಲಿ ಬಿಹಾರದ ಕೆಲವು ಜಿಲ್ಲೆಗಳ ನೀಲಗಾಯ್, ಕಾಡುಹಂದಿಗೆ ಹಾಗೆ ಘೋಷಿಸಿದ್ದರು.

ಕಾನೂನು ಬದಿಗಿಟ್ಟರೂ ಲೆಕ್ಕ ಹೊಂದುವುದಿಲ್ಲ. ನಾಲ್ಕು ಹೋದ ಜಾಗಕ್ಕೆ ಪಕ್ಕದ ಕಾಡಿನಿಂದ ಬೇರೆ ನಾಲ್ಕು ಬರುತ್ತವೆ.

ತಿಂದದ್ದು ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ, ಪರಿಹಾರದ ಅರ್ಜಿಗೂ ಅದು ಬೇಕು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಅದು ಕಚ್ಚಿ ಎಳೆಯುತ್ತದೆ, ಹಾಗಾಗಿ ತಿಂದ ತುದಿ ಹರಿದು ನಾರುನಾರಾಗಿರುತ್ತದೆ. ಮೊಲ ಕಡಿದರೆ ಕತ್ತಿಯಿಂದ ಓರೆಯಾಗಿ ಕೊಯ್ದಂತೆ. ಹಂದಿಯಾದರೆ ಬುಡವೇ ಮೇಲೆ, ಕೆಸರಿನ ಹೆಜ್ಜೆಯಲ್ಲಿ ಗೊರಸಿನ ಹಿಂದೆ ಎರಡು ಚುಕ್ಕೆ ಅಗಲವಾಗಿ ಬಿದ್ದಿರುತ್ತವೆ. ಹಾನಿ ಕಂಡ ದಿನವೇ ಹೆಜ್ಜೆ ಸಮೇತ ಫೋಟೊ ತೆಗೆದು, ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಮಳೆಗೆ ಹೆಜ್ಜೆ ತೊಳೆದುಹೋದ ಮೇಲೆ ಮಹಜರಿಗೆ ಬಂದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಗದ್ದೆ ಪೂರ್ತಿ ಬೇಲಿ ಹಾಕುವುದು ದುಬಾರಿ. ಸಸಿಮಡಿಗೆ ಮಾತ್ರ 8 ಅಡಿ ಎತ್ತರದ ತಂತಿ ಜಾಲರಿ ಕಟ್ಟಿ. 5 ಅಡಿಯನ್ನು ಜಿಂಕೆ ನಿಂತಲ್ಲಿಂದಲೇ ಹಾರುತ್ತದೆ. ಹಾರುವುದಕ್ಕಿಂತ ನುಸುಳುವುದೇ ಅದಕ್ಕೆ ಇಷ್ಟ, ಆದ್ದರಿಂದ ನೆಲಕ್ಕೂ ಜಾಲರಿಗೂ ಅರ್ಧ ಅಡಿಗಿಂತ ಹೆಚ್ಚು ಸಂದು ಬಿಡಬೇಡಿ. ಹಳೆಯ ಮೀನಿನ ಬಲೆ ಬೇಡ, ಕೊಂಬು ಸಿಕ್ಕಿ ಪ್ರಾಣಿ ಸತ್ತರೆ ಕೇಸು ನಿಮ್ಮ ಮೇಲೆ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದಂತೂ ಆಳು ಮಕ್ಕಳ ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಜಿಂಕೆವನಗಳಲ್ಲಿ ಬೇಲಿಯೊಳಗೆ ಹಿಂಡು ಬೆಳೆದರೆ ಏನು ಮಾಡುತ್ತಾರೆ? (ಕುಶಾಲನಗರ)

ಹೆಣ್ಣು ಗಂಡು ಬೇರೆ ಮಾಡಿ ಇಡುವುದೇ ಖಚಿತ ಉಪಾಯ. ಕೆಲವು ಗಂಡುಗಳಿಗೆ ಮಾತ್ರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರೆ ಪ್ರಯೋಜನ ಕಡಿಮೆ. ಉಳಿದ ಒಂದೇ ಗಂಡು ಎಲ್ಲ ಹೆಣ್ಣುಗಳಿಗೂ ಸಾಕು. ಬೀಜ ಒಡೆದರೆ ಕೊಂಬಿನ ಚಕ್ರವೇ ಕೆಡುತ್ತದೆ, ಮಖಮಲ್ಲಿನ ಸಿಪ್ಪೆ ಉದುರುವುದಿಲ್ಲ. ಹೆಚ್ಚಾದವನ್ನು ಕಾಡಿಗೆ ಸಾಗಿಸುವುದಾದರೆ ಆಲಿಕೆಯಾಕಾರದ ದೊಡ್ಡಿಯೊಳಗೆ ನಿಧಾನವಾಗಿ ನಡೆಸಿ ಲಾರಿ ಹತ್ತಿಸುವ ‘ಬೋಮಾ’ ವಿಧಾನವಿದೆ. ಬಲೆ ಹಾಕಿ ಹಿಡಿದರೆ ಜಿಂಕೆ ಗಾಬರಿಗೇ ಸಾಯುತ್ತದೆ. ಇದೆಲ್ಲ ಇಲಾಖೆಯ ಅನುಮತಿಯಿಂದ ಮಾತ್ರ.

ಪ್ರಶ್ನೆ: ಹಾಗಾದರೆ ನಾಗರಹೊಳೆಯಲ್ಲಿ ಹೆಣ್ಣು ಜಿಂಕೆ ಮಿತಿಮೀರುವುದಿಲ್ಲವೇ? (ಸಿದ್ದಾಪುರ)

ಅಲ್ಲಿ ಆರಿಸುವವರು ಬೇರೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿ ಬೇಕು, ಅದನ್ನು ತಾಳಿಕೊಳ್ಳಲು ಅಂಥ 500 ಪ್ರಾಣಿಗಳಿರಬೇಕು ಎಂಬುದು ಉಲ್ಲಾಸ ಕಾರಂತರಂಥ ಸಂಶೋಧಕರು ಬಳಸುವ ಲೆಕ್ಕ. ಹುಲಿ ಕಾಟಿ, ಕಡವೆಯಂಥ ದೊಡ್ಡವನ್ನು ಹೆಚ್ಚು ಹಿಡಿದರೆ ಚುಕ್ಕೆ ಜಿಂಕೆ ಸೀಳುನಾಯಿಯ, ಚಿರತೆಯ ಪಾಲು. ಅವು ಯಾವುವೂ ಇಲ್ಲದ ಅಂಡಮಾನಿಗೆ ಬ್ರಿಟಿಷರು ಇದೇ ಜಿಂಕೆಯನ್ನು ಒಯ್ದು ಬಿಟ್ಟರು. ಇಂದಿಗೂ ಅಲ್ಲಿ ಕಾಡಿನ ಸಸಿ ಮೇಲೇಳಲು ಬಿಡುವುದಿಲ್ಲ.

ಪ್ರಶ್ನೆ: ಮಗ ಅಮೆರಿಕದಿಂದ ಬರುವಾಗ ಒಣಗಿಸಿದ ಜಿಂಕೆ ಮಾಂಸ ತರುತ್ತೇನೆ ಅನ್ನುತ್ತಾನೆ. ತರಬಹುದೇ? (ನಾಪೋಕ್ಲು)

ಬೇಡ ಅನ್ನಿ. ಮಾಂಸದ ಪದಾರ್ಥ ತರಲು ಮೊದಲೇ ಆಮದು ಪರವಾನಗಿ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ. ಜೊತೆಗೆ ಅಲ್ಲಿನ ಜಿಂಕೆಗಳಲ್ಲಿ ಮಿದುಳನ್ನು ಸವೆಸುವ ಸಿಡಬ್ಲ್ಯುಡಿ ಎಂಬ ರೋಗ ಹಬ್ಬುತ್ತಿದೆ. ಮೊದಲು ಕಂಡದ್ದು 1967ರಲ್ಲಿ ಕೊಲರಾಡೊದಲ್ಲಿ. ಮನುಷ್ಯರಿಗೆ ತಗುಲಿದ್ದು ದೃಢಪಟ್ಟಿಲ್ಲ. ಆದರೂ ರೋಗವಿರುವ ವಲಯದಲ್ಲಿ ಹೊಡೆದದ್ದರ ಗಂಟಲ ಹಿಂದಿನ ದುಗ್ಧಗ್ರಂಥಿ ಪರೀಕ್ಷೆಗೆ ಕೊಟ್ಟು, ವರದಿ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿಟ್ಟು ಕಾಯಲು ಹೇಳಿ. ರೋಗ ಇದೆ ಎಂದು ಬಂದರೆ ತಿನ್ನಬಾರದು. ಬೇಯಿಸಿದರೆ ಈ ರೋಗಕಾರಕ ಸಾಯುವುದಿಲ್ಲ.